ಹುಬ್ಬಳ್ಳಿಯಿಂದ ಬರುತ್ತಿದ್ದ ದನಿ

ಬೆಳಿಗ್ಗೆ ಕಚೇರಿ ತೆರೆದ ಸ್ವಲ್ಪ ಹೊತ್ತಿಗೆಲ್ಲ ತಾರಾದೇವಿಯ ಮೇಜಿನ ಫೋನು ರಿಂಗಾಗುತ್ತಿತ್ತು. ಆಕೆ ಎತ್ತಿಕೊಂಡು ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿ ಕೂತಳೆಂದರೆ ಇನ್ನು ಸ್ವಲ್ಪ ಹೊತ್ತು ಆಕೆಯನ್ನು ಮಾತಾಡಿಸಬಾರದು ಎಂದು ಪಕ್ಕದವರಿಗೆ ಗೊತ್ತಿತ್ತು. ಆ ಹೊತ್ತಿನಲ್ಲಿ ಆಕೆ ಹಿಂದಿಯಲ್ಲಿ ಮಾತಾಡುತ್ತಿರಲಿಲ್ಲ.

ಅದು ವಾರಾಣಸಿಯ ಒಂದು ಸರ್ಕಾರಿ ಕಚೇರಿ. ಮನೆ ತೆರಿಗೆ, ನೀರಿನ ಬಿಲ್ಲು, ಜನನ ಮರಣದ ಪ್ರಮಾಣಪತ್ರ ಎಲ್ಲ ಅಲ್ಲಿನ ಕಂಪ್ಯೂಟರುಗಳಲ್ಲಿದ್ದವು. ಸಾಯಲೆಂದೇ ಎಲ್ಲೆಲ್ಲಿಂದಲೋ ಜನ ಈ ಊರಿಗೆ ಬರುತ್ತಾರೆ. ಅವರ ಮಕ್ಕಳಿಗೆ ವಾಪಸು ರೈಲು ಹತ್ತುವ ಮೊದಲು ಮರಣಪತ್ರ ಕೈಗೆ ಬೇಕು. ಕಂಪ್ಯೂಟರು ಒಂದು ದಿನ ಕೆಟ್ಟರೂ ಕಚೇರಿಯ ಮೆಟ್ಟಿಲ ಮೇಲೆ ತಲೆ ಬೋಳಿಸಿಕೊಂಡ ಗಂಡಸರ ಸಾಲು ಬೆಳೆಯುತ್ತಿತ್ತು. ಆ ಕಂಪ್ಯೂಟರುಗಳೊಳಗೆ ಕಳ್ಳರು ನುಗ್ಗದಂತೆ ನೋಡಿಕೊಳ್ಳುವುದು ತಾರಾದೇವಿಯ ಕೆಲಸ. ಆಕೆಯ ಕೈಕೆಳಗೆ ಇದ್ದವರು ಮೂವರೇ. ಹಗಲೂ ರಾತ್ರಿ ಕಣ್ಣಿಡುವುದು ಅವರಿಂದ ಆಗದೆಂದು ಕಚೇರಿಯವರು ಹುಬ್ಬಳ್ಳಿಯ ಒಂದು ಖಾಸಗಿ ಕಂಪನಿಗೆ ಆ ಕಾವಲನ್ನು ಗುತ್ತಿಗೆ ಕೊಟ್ಟಿದ್ದರು. ಕಾಶಿಯ ಕಂಪ್ಯೂಟರುಗಳ ಬಾಗಿಲನ್ನು ಯಾರು ತಟ್ಟಿದರು, ಯಾರು ಅಲುಗಾಡಿಸಿ ನೋಡಿದರು ಎಂದು ಅಲ್ಲಿನವರು ಪರದೆಗಳ ಮುಂದೆ ಕೂತು ನೋಡುತ್ತಿದ್ದರು. ಅವರಲ್ಲಿ ಹಿರಿಯರಾದ ಗುರುಪಾದಯ್ಯನವರು ದಿನಾ ಬೆಳಿಗ್ಗೆ ಫೋನು ಮಾಡಿ ವರದಿ ಒಪ್ಪಿಸುತ್ತಿದ್ದರು.

ಮೊದಮೊದಲು ಇಬ್ಬರೂ ಹಿಂದಿಯಲ್ಲೇ ಮಾತಾಡಿದರು. ಒಂದು ದಿನ ವರದಿಯ ನಡುವೆ ಗುರುಪಾದಯ್ಯನವರು ಪಕ್ಕದಲ್ಲಿದ್ದ ಯಾರಿಗೋ, "ಏ ತಮ್ಮಾ, ಆ ಫ್ಯಾನ್ ಸ್ವಲ್ಪ ಸಣ್ಣ ಮಾಡೋ" ಎಂದರು. ತಾರಾದೇವಿಗೆ ಮೈ ಜುಮ್ಮೆಂದಿತು. ಅವ್ವ ಹೋದ ಮೇಲೆ ಆ ಧಾಟಿಯ ಮಾತನ್ನು ಆಕೆ ಅಷ್ಟು ಹತ್ತಿರದಿಂದ ಕೇಳಿರಲಿಲ್ಲ. ನೀವು ಕನ್ನಡದವರೇ ಎಂದು ಕೇಳಿದಳು, ಕನ್ನಡದಲ್ಲಿ. ಆ ಕಡೆ ಗುರುಪಾದಯ್ಯನವರು ನಗತೊಡಗಿದರು. ಆ ನಗುವಿನಲ್ಲಿ ಅಂದಿನ ವರದಿ ಅರ್ಧಕ್ಕೇ ನಿಂತಿತು.

ತಾರಾದೇವಿಯ ಅಪ್ಪ ಶಂಭುಲಿಂಗಯ್ಯನವರು ಹರೆಯದಲ್ಲಿ ವಿಜಯಪುರದ ಕಡೆಯಿಂದ ಬಂದು, ಗೋದೌಲಿಯಾದ ಹಿಂದಿನ ಗಲ್ಲಿಯಲ್ಲಿದ್ದ ಕನ್ನಡದವರ ಮಠದಲ್ಲಿ ಯಾತ್ರಿಕರ ಕೋಣೆಗಳನ್ನು ನೋಡಿಕೊಂಡಿದ್ದವರು. ತಾರಾದೇವಿ ಹುಟ್ಟಿದ್ದು ಅಲ್ಲಿಯೇ. ಶಾಲೆ, ಕಾಲೇಜು, ಗೆಳತಿಯರು ಎಲ್ಲ ಹಿಂದಿ. ಕನ್ನಡವೆಂದರೆ ಅಪ್ಪ ಅವ್ವ. ಗಂಡು ಹುಡುಕಿದ್ದರು. ಕಾಶಿಯ ಹುಡುಗಿಯೆಂದರೆ ಊರ ಕಡೆಯವರಿಗೆ ದೂರ, ಇಲ್ಲಿಯವರಿಗೆ ಈಕೆ ಹೊರಗಿನವಳು. ಹುಡುಕುವುದು ತಾನಾಗಿಯೇ ನಿಂತುಹೋಯಿತು. ಅಪ್ಪ ಹೋದ ಮೇಲೆ ತಾಯಿ ಮಗಳು ಭೇಲೂಪುರದಲ್ಲಿ ಬಾಡಿಗೆ ಮನೆ ಹಿಡಿದರು. ಈಗ ಅವ್ವನೂ ಇಲ್ಲ. ಸೋಮವಾರ ಮಠಕ್ಕೆ ಹೋದರೆ ಕನ್ನಡ ಕಿವಿಗೆ ಬೀಳುತ್ತಿತ್ತು. ಸ್ನಾನಕ್ಕೆ ಯಾವ ಘಾಟು, ಬಿಸಿನೀರು ಎಷ್ಟು ಹೊತ್ತಿಗೆ, ಗಯಾಕ್ಕೆ ಹೋಗಲು ಬಸ್ಸು ಎಲ್ಲಿ ಸಿಗುತ್ತದೆ ಎಂದು ಯಾತ್ರಿಕರು ಕೇಳುತ್ತಿದ್ದರು. ಆಕೆ ಎಲ್ಲಕ್ಕೂ ಉತ್ತರ ಕೊಡುತ್ತಿದ್ದಳು. ಆಕೆಯ ಬಗ್ಗೆ ಯಾರೂ ಏನೂ ಕೇಳುತ್ತಿರಲಿಲ್ಲ.

ಗುರುಪಾದಯ್ಯನವರು ಕೇಳುತ್ತಿದ್ದರು. ವರದಿ ಮುಗಿದ ಮೇಲೆ, ರಾತ್ರಿ ನಿದ್ದೆ ಬಂತೇ, ಇವತ್ತು ಅಡುಗೆ ಏನು, ಮಂಗಗಳು ನೀರಿನ ಟ್ಯಾಂಕಿನ ಮುಚ್ಚಳ ಮತ್ತೆ ತೆಗೆದವೇ ಎಂದು ವಿಚಾರಿಸುತ್ತಿದ್ದರು. ಆಕೆ ಸಬ್ಜಿ ಎಂದರೆ ಅವರು ಮೆಲ್ಲಗೆ ಪಲ್ಯ ಎನ್ನುತ್ತಿದ್ದರು. ಆಕೆಗೆ ಮರೆತೇಹೋಗಿದ್ದ ಮಾತುಗಳು ಹೀಗೆ ಒಂದೊಂದಾಗಿ ಬಾಯಿಗೆ ಬಂದವು. ಹೆಂಡತಿ ಹೋಗಿ ಬಹಳ ವರ್ಷವಾಗಿದ್ದ ಅವರು ತಂಗಿ ಭವಾನಿಯ ಜೊತೆ ಇದ್ದರು. ಅವರದು ಎದೆಯ ತಳದಿಂದ ಬರುವ, ಅವಸರವಿಲ್ಲದ ದನಿ. ಆ ದನಿಗಾಗಿಯೇ ಕಂಪನಿಯವರು ಕಚೇರಿಯ ಸಿಬ್ಬಂದಿಗೆ ಪಾಠ ಹೇಳಲು ಅವರನ್ನು ಆರಿಸಿದ್ದರು. ಗುಪ್ತಪದವನ್ನು ಯಾರಿಗೂ ಹೇಳಬೇಡಿ, ಗೊತ್ತಿಲ್ಲದ ಕೊಂಡಿಯನ್ನು ಒತ್ತಬೇಡಿ ಎಂದು ಅವರು ಹಿಂದಿಯಲ್ಲಿ ಹೇಳಿದ ಪಾಠಗಳ ವಿಡಿಯೋಗಳು ಕಚೇರಿಯ ಜಾಲತಾಣದಲ್ಲಿ ಎಲ್ಲರಿಗೂ ಸಿಗುವಂತೆ ಇದ್ದವು. ಪರದೆಯ ಮೂಲೆಯಲ್ಲಿ ಅಂಚೆಚೀಟಿಯಷ್ಟು ಕಾಣುವ ಕನ್ನಡಕದ ಮುಖವೊಂದೇ ತಾರಾದೇವಿ ಕಂಡಿದ್ದ ಗುರುಪಾದಯ್ಯ.

ಒಮ್ಮೆ ಅವರು, ಈಗೀಗ ಮನುಷ್ಯರ ದನಿಯನ್ನೂ ಯಂತ್ರದಲ್ಲಿ ನಕಲು ಮಾಡಿ ಕಚೇರಿಗಳನ್ನು ಲೂಟಿ ಮಾಡುತ್ತಿದ್ದಾರೆಂದು ಹೇಳಿದರು.

"ನಾಳೆ ನನ್ನ ದನಿ ಕೇಳಿದ್ರೂ ನಂಬಬ್ಯಾಡ್ರಿ," ಎಂದರು. "ಏನರೆ ತೆಗೀರಿ, ಬದಲಿ ಮಾಡ್ರಿ ಅಂದೆ ಅಂದ್ರ ಫೋನ್ ಇಟ್ಟುಬಿಡ್ರಿ. ಒಪ್ಪಂದದಾಗ ಇರೋ ನಂಬರಿಗೆ ನೀವ ತಿರುಗಿ ಹಚ್ಚ್ರಿ."

"ನಿಮ್ಮನ್ನೂ ನಂಬಬಾರದಂದ್ರ ಇನ್ಯಾರನ್ನ ನಂಬಲಿ?"

"ಪದ್ಧತಿ ನಂಬ್ರಿ. ಮನುಷ್ಯಾರು ಇವತ್ತ ಇರ್ತೀವಿ, ನಾಳೆ ಇರಂಗಿಲ್ಲ."

ಆಕೆ ನಕ್ಕು, ಹಾಗೆಲ್ಲ ಅನ್ನಬೇಡಿ ಎಂದಿದ್ದಳು.

ಆ ಚಳಿಗಾಲದಲ್ಲಿ ಅವರ ದನಿ ಒಡೆಯಿತು. ಧೂಳು ಎಂದರು, ಥಂಡಿ ಎಂದರು. ಕೆಮ್ಮಿಗೆ ಹಿಪ್ಪಲಿ ಜೇನು ತಗೊಳ್ಳಿ ಎಂದು ತಾರಾದೇವಿ ದಿನಾ ಹೇಳಿದಳು. ಒಂದು ಸೋಮವಾರ ಅವರ ಬದಲು ತೋಂಟೇಶ ಎಂಬ ಹುಡುಗನ ಫೋನು ಬಂತು. ಗುರುಪಾದಯ್ಯನವರು ಬೇರೆ ಕೆಲಸದ ಮೇಲಿದ್ದಾರೆ, ಇನ್ನು ವರದಿ ತನ್ನದು ಎಂದು ಹಿಂದಿಯಲ್ಲಿ ಹೇಳಿ, ಗಡಗಡ ಓದಿ ಇಟ್ಟುಬಿಟ್ಟ. ತಾರಾದೇವಿ ತಡೆದು ತಡೆದು ಗುರುಪಾದಯ್ಯನವರ ಮೊಬೈಲಿಗೆ, ಆರಾಮ ಇದ್ದೀರಾ ಎಂದು ಬರೆದಳು. ಬಹಳ ಹೊತ್ತಿನ ಮೇಲೆ ಉತ್ತರ ಬಂತು: ಆರಾಮ ಇದ್ದೀನ್ರಿ, ಕೆಲಸ ಭಾಳ ಐತಿ. ಅಷ್ಟೇ. ಅದನ್ನು ಮತ್ತೆ ಮತ್ತೆ ಓದಿದಳು. ಗುತ್ತಿಗೆಯವರ ಮಾತಿಗೆ ತಾನೇ ಇಲ್ಲದ ಅರ್ಥ ಹಚ್ಚಿಕೊಂಡೆ ಎನ್ನಿಸಿ ನಾಚಿಕೆಯಾಯಿತು. ಮತ್ತೆ ಬರೆಯಲಿಲ್ಲ.

ಆದರೂ ಫೋನು ರಿಂಗಾದಾಗಲೆಲ್ಲ ಕೈ ಬೇಗ ಚಾಚುತ್ತಿತ್ತು. ಪಾಠದ ವಿಡಿಯೋಗಳನ್ನು ಹಾಕಿಕೊಂಡು ಕೇಳುವುದೂ ಇತ್ತು. ಗುಪ್ತಪದವನ್ನು ಗೋಡೆಗೆ ಅಂಟಿಸಬೇಡಿ ಎಂದು ಹಿಂದಿಯಲ್ಲಿ ಹೇಳುತ್ತಿದ್ದ ಆ ದನಿಯ ಅಡಿಯಲ್ಲಿ ಹುಬ್ಬಳ್ಳಿಯ ಎಳೆತ ಹುಡುಕುತ್ತ ಕೂರುತ್ತಿದ್ದಳು.

ಹೋಳಿ ಮುಗಿದು ಕಚೇರಿ ಮತ್ತೆ ತುಂಬಿದ ದಿನ, ಮಧ್ಯಾಹ್ನದ ಹೊತ್ತಿಗೆ ಮೇಜಿನ ಫೋನು ರಿಂಗಾಯಿತು. ಎತ್ತಿದಳು. ಗುರುಪಾದಯ್ಯನವರು.

ದನಿ ಸ್ವಚ್ಛವಾಗಿತ್ತು, ಒಡಕು ಪೂರಾ ಹೋಗಿತ್ತು. ತಾರಾದೇವಿಗೆ ಕಣ್ಣು ತುಂಬಿ ಬಂತು. ಅವರು ಹಿಂದಿಯಲ್ಲಿ, ನಿಮ್ಮ ಕಾವಲು ವ್ಯವಸ್ಥೆ ಕುರುಡಾಗಿದೆ, ಈಗಲೇ ಸರಿಮಾಡದಿದ್ದರೆ ಮರಣಪತ್ರದ ದಾಖಲೆಗಳು ಹೋಗುತ್ತವೆ, ಈಗ ನಿಮ್ಮ ಮೊಬೈಲಿಗೆ ಬರುವ ಒಟಿಪಿ ಹೇಳಿ ಎಂದರು. ಆಕೆ ಅದನ್ನು ಅರ್ಧ ಕೇಳಿಸಿಕೊಂಡಳು, ಅರ್ಧ ಇಲ್ಲ.

"ಹೆಂಗಿದ್ದೀರಿ?" ಎಂದಳು.

ಒಂದು ಕ್ಷಣ ಬಿಟ್ಟು ಅದೇ ದನಿ ಹಿಂದಿಯಲ್ಲೇ, ಸಮಯ ಇಲ್ಲ ಮೇಡಂ ಎಂದಿತು.

ಪಕ್ಕದಲ್ಲಿ ದೊಡ್ಡವರು ಯಾರಾದರೂ ನಿಂತಿರಬೇಕು, ಅದಕ್ಕೇ ಹಿಂದಿ ಎಂದುಕೊಂಡಳು. ಮೊಬೈಲಿಗೆ ಒಟಿಪಿ ಬಂದೂ ಬಂತು. ಅಂಕಿಗಳು ಕಣ್ಣೆದುರಿಗಿದ್ದವು. ಇಷ್ಟು ದಿನದ ಮೇಲೆ ಬಂದ ಮನುಷ್ಯನನ್ನು ಕಳ್ಳನಂತೆ ಅನುಮಾನಿಸಿ ಫೋನು ಇಡುವುದು ಹೇಗೆ? ಇಟ್ಟರೆ ಅವರು ಮತ್ತೆ ಹೀಗೆ ಸಿಗುತ್ತಾರೋ ಇಲ್ಲವೋ. ಆದರೆ ಇಡಿ ಎಂದು ಹೇಳಿಕೊಟ್ಟವರೂ ಅವರೇ. ಇಟ್ಟರೆ ಅವರಿಗೆ ಸಂತೋಷವೇ ಆಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡು, "ನಾನ ತಿರುಗಿ ಹಚ್ಚತೀನ್ರಿ" ಎಂದಳು. ದನಿ ಇಡಬೇಡಿ, ಇಡಬೇಡಿ ಎಂದು ಒತ್ತಾಯಿಸಿತು. ಆಕೆ ಕಣ್ಣು ಮುಚ್ಚಿ ಫೋನು ಕೆಳಗಿಟ್ಟಳು.

ಒಪ್ಪಂದದ ನಂಬರಿಗೆ ಫೋನು ಹಚ್ಚಿದಾಗ ತೋಂಟೇಶ ಎತ್ತಿಕೊಂಡ. ಗುರುಪಾದಯ್ಯನವರಿಗೆ ಕೊಡು ಎಂದಳು. ಅವರು ಇಲ್ಲ ಎಂದ. ಈಗ ತಾನೇ ಅವರು ತನಗೆ ಫೋನು ಮಾಡಿದ್ದರೆಂದಳು.

"ಸಾಧ್ಯ ಇಲ್ರಿ ಮೇಡಂ," ಎಂದ ತೋಂಟೇಶ, ಮೊದಲ ಸಲ ಕನ್ನಡದಲ್ಲಿ. "ಸರ್‌ಗೆ ದನಿ ಇಲ್ರಿ ಈಗ. ಗಂಟಲದಾಗ ಕ್ಯಾನ್ಸರ್ ಆಗಿತ್ತು. ಆಪರೇಷನ್ ಮಾಡಿ ಧ್ವನಿಪೆಟ್ಟಿಗೀನ ತಗದಾರ."

ತಾರಾದೇವಿ ಮೊಬೈಲಿಗೆ ಬಂದಿದ್ದ ಒಟಿಪಿಯ ಸಂಗತಿ ಹೇಳಿದಳು. ಬೇರೇನೂ ಕೇಳುವಷ್ಟು ಹೊತ್ತು ಇರಲಿಲ್ಲ. ಇಬ್ಬರೂ ಫೋನಿನಲ್ಲೇ ಇದ್ದು ಹುಡುಕಿದರು. ಗುರುಪಾದಯ್ಯನವರು ಕೆಲಸಕ್ಕೆ ಬರದೆ ಅಷ್ಟು ದಿನವಾಗಿದ್ದರೂ ಅವರ ಹೆಸರಿನ ಪ್ರವೇಶವನ್ನು ಕಂಪನಿಯವರು ಮುಚ್ಚಿರಲಿಲ್ಲ. ಅವರ ಗುಪ್ತಪದವನ್ನು ಹೇಗೋ ಕದ್ದವರು ಆ ಗಳಿಗೆಯಲ್ಲೇ ಹೊರಗೆ ನಿಂತು ಎರಡನೆಯ ಬೀಗ ತೆರೆಯಲು ಕಾಯುತ್ತಿದ್ದರು. ಹೊರಗಿನವರು ಏನನ್ನಾದರೂ ಬದಲಿಸಬೇಕೆಂದರೆ ಒಪ್ಪಿಗೆಗೆಂದು ತಾರಾದೇವಿಯ ಮೊಬೈಲಿಗೆ ಬರುವ ಅಂಕಿಗಳೇ ಆ ಬೀಗದ ಕೀಲಿ. ಪ್ರವೇಶ ಮುಚ್ಚಿದರು, ಉಳಿದವರ ಗುಪ್ತಪದಗಳನ್ನೆಲ್ಲ ಬದಲಿಸಿದರು. ಯಾವ ದಾಖಲೆಯೂ ಹೋಗಿರಲಿಲ್ಲ. ಎಲ್ಲ ಮುಗಿದ ಮೇಲೆ ತಾರಾದೇವಿ ಕೆಳಗಿಳಿದು ಚಹಾದಂಗಡಿಯ ಬೆಂಚಿನ ಮೇಲೆ ಕೂತಳು. ಅಂಗಡಿಯವನು ಕುಲ್ಹಡ್ ಕೈಗಿಟ್ಟ. ಮಣ್ಣಿನ ಬಟ್ಟಲು ಆರುವವರೆಗೂ ಅದನ್ನು ಹಿಡಿದುಕೊಂಡೇ ಅತ್ತಳು.

ಕಚೇರಿಯ ಮುಖ್ಯಸ್ಥ ಅಭಿನವ ಹೊಸಬ, ಚುರುಕಿನವ. ಮಾರನೆಯ ದಿನ ಅವನ ಕೋಣೆಯಲ್ಲಿ ಸಭೆ ಸೇರಿತು. ಅವನಿಗೆ ಸಿಟ್ಟು ಬಂದಿತ್ತು, ಅದರಲ್ಲಿ ನ್ಯಾಯವೂ ಇತ್ತು. ನಮ್ಮ ಮನೆಯ ಕೀಲಿ ಹಿಡಿದ ಮನುಷ್ಯ ಆಸ್ಪತ್ರೆ ಸೇರಿದ್ದು ನಮಗೇ ಗೊತ್ತಿಲ್ಲವೆಂದರೆ ಇದೆಂಥ ಪಾಲುದಾರಿಕೆ ಎಂದು ಕೇಳಿದ. ಗುತ್ತಿಗೆ ಉಳಿಸಿಕೊಳ್ಳಲು ಕಂಪನಿಯವರು ಸುಳ್ಳು ಹೇಳಿದ್ದರು. ಹಿರಿಯ ಇಲ್ಲವೆಂದು ತಿಳಿದರೆ ಒಪ್ಪಂದ ನವೀಕರಣ ಆಗಲಿಕ್ಕಿಲ್ಲವೆಂಬ ಭಯ ಅವರಿಗೆ. ಹೊರಗಿನವರೇ ಬೇಡ, ಎಲ್ಲ ನಾವೇ ನೋಡಿಕೊಳ್ಳೋಣ ಎಂದ ಅಭಿನವ.

ತಾರಾದೇವಿ ಒಪ್ಪಲಿಲ್ಲ. ನಾವು ಇರುವವರು ಬೆರಳೆಣಿಕೆ, ಹೊರಗಿನವರನ್ನು ಬಿಟ್ಟರೆ ನಮಗೆ ಕಣ್ಣೇ ಇರುವುದಿಲ್ಲ ಎಂದಳು. ಉಳಿಸಿದ್ದು ಹೊರಗಿನವರು ಕಲಿಸಿದ ಪದ್ಧತಿಯೇ. ಕೆಡಿಸಿದ್ದು ಪರಸ್ಪರ ಮುಚ್ಚಿಟ್ಟದ್ದು. ಅವರ ಕಡೆಯವರು ಯಾರು ಬಂದರು, ಯಾರು ಹೋದರು ಎಂಬುದು ಅದೇ ದಿನ ನಮಗೆ ತಿಳಿಯಬೇಕು. ಹೋದವರ ಪ್ರವೇಶವನ್ನು ನಾವೇ ಮುಚ್ಚಬೇಕು. ತಪ್ಪಾದರೆ ಬಚ್ಚಿಡದೆ ಹೇಳಿದವರಿಗೆ ಮೊದಲ ಸಲ ದಂಡ ಇರಬಾರದು, ಇದ್ದರೆ ಯಾರೂ ಹೇಳುವುದಿಲ್ಲ. ಇಷ್ಟನ್ನು ಒಪ್ಪಂದಕ್ಕೆ ಸೇರಿಸಿ ಎಂದಳು. ಅಭಿನವ ಒಪ್ಪಿ ತಲೆಯಾಡಿಸಿದ. ಅದನ್ನು ಕೂತು ಬರೆಯುವುದು ನಿಮ್ಮದೇ ಕೆಲಸ ಎಂದ.

"ನಾನು ಬರೆಯಬಾರದು," ಎಂದಳು ತಾರಾದೇವಿ. "ಅವರಲ್ಲೊಬ್ಬರು ನನಗೆ ಬೇಕಾದವರು."

ಅಭಿನವ ಆಕೆಯ ಮುಖ ನೋಡಿದ. ಮತ್ತೇನೂ ಕೇಳದೆ ಆ ಕೆಲಸವನ್ನು ಬೇರೆಯವರಿಗೆ ವಹಿಸಿದ.

ಕಚೇರಿಯ ಫೋನಿನ ಮಾತೆಲ್ಲ ಧ್ವನಿಮುದ್ರಣವಾಗುತ್ತಿತ್ತು. ತನಿಖೆಗೆ ಬಂದ ಪೊಲೀಸರು ಅದನ್ನು ಹಾಕಿ, ದನಿ ಗುರುತಿಸಿ ಎಂದರು. ತಾರಾದೇವಿ ಕೇಳಿದಳು. ಈಗ ಗೊತ್ತಿದ್ದೂ ಎದೆ ಹಾಗೇ ಹೊಡೆದುಕೊಂಡಿತು. ವಿಡಿಯೋಗಳಿಂದ ದನಿ ಕದ್ದಿದ್ದಾರೆ, ಅದಕ್ಕೇ ಹಿಂದಿಯಲ್ಲಿ ಮಾತ್ರ ಮಾತಾಡುತ್ತದೆ ಎಂದು ಪೊಲೀಸರು ವಿವರಿಸಿದರು. ಆಗ ಆಕೆಗೆ ಇನ್ನೊಂದು ಹೊಳೆಯಿತು. ಬೆಳಗಿನ ವರದಿಗಳ ಆ ಕನ್ನಡದ ಮಾತುಗಳೂ ಉಳಿದಿರಬೇಕಲ್ಲವೇ? ಕೇಳಿದಳು. ಪದ್ಧತಿಯ ಪ್ರಕಾರ ಹಳೆಯ ಧ್ವನಿಮುದ್ರಣಗಳೆಲ್ಲ ಅಳಿಸಿಹೋಗಿದ್ದವು. ಗುರುಪಾದಯ್ಯನವರ ಹಿಂದಿ ಉಳಿದಿತ್ತು, ಕಳ್ಳರ ಕೈಗೂ ಸಿಕ್ಕಿತ್ತು. ಅವರ ಕನ್ನಡ ಎಲ್ಲಿಯೂ ಇರಲಿಲ್ಲ.

ಆ ದಿನ ಆಕೆ ಅವರಿಗೆ ಬರೆದಳು. ತನಗೆ ಎಲ್ಲ ತಿಳಿಯಿತೆಂದೂ, ಅವರು ಹೇಳಿಕೊಟ್ಟಂತೆ ಫೋನು ಇಟ್ಟೆನೆಂದೂ. ಉತ್ತರ ಈ ಸಲ ಉದ್ದವಾಗಿತ್ತು. ಯಾರಿಗೂ ಹೇಳಬೇಡಿ ಎಂದು ಕಂಪನಿ ಹೇಳಿದ್ದು ನಿಜ; ಆದರೆ ಹೇಳದಿದ್ದದ್ದು ಅದಕ್ಕಲ್ಲ ಎಂದು ಬರೆದಿದ್ದರು. "ನಿಮಗ ನಾನು ಅಂದ್ರ ಒಂದು ದನಿ ಅಷ್ಟ. ಅದ ಹೋದ ಮ್ಯಾಲ ನಿಮಗ ನಾನು ಯಾರು ಅನ್ನೂದು ನನಗ ತಿಳೀಲಿಲ್ಲ."

ತಾರಾದೇವಿ ಅದಕ್ಕೆ ಏನೂ ವಾದಿಸಲಿಲ್ಲ. ಕಾಶಿಗೆ ಬನ್ನಿ ಎಂದು ಬರೆದಳು.

ಅವರು ಬಂದದ್ದು ಮಳೆಗಾಲ ಕಳೆದು ನದಿಯ ನೀರು ಇಳಿದ ಮೇಲೆ. ಅಷ್ಟರಲ್ಲಿ ಹೊಸ ಒಪ್ಪಂದ ಜಾರಿಗೆ ಬಂದಿತ್ತು. ಕಂಪನಿಯವರು ಗುರುಪಾದಯ್ಯನವರನ್ನು ಬಿಡಲಿಲ್ಲ. ಹೊಸಬರಿಗೆ ಪದ್ಧತಿಗಳನ್ನು ಬರೆದುಕೊಡುವ ಕೆಲಸಕ್ಕೆ ಹಾಕಿದ್ದರು. ಭವಾನಿ ಅಣ್ಣನನ್ನು ಕರೆದುಕೊಂಡು ಬಂದು ಮಠದಲ್ಲಿ ಇಳಿದಳು. ತಾರಾದೇವಿ ಹೋದಾಗ ಅಂಗಳದಲ್ಲಿ ಎತ್ತರದ, ಸ್ವಲ್ಪ ಬಾಗಿದ ಮನುಷ್ಯರೊಬ್ಬರು ಕೊರಳಿಗೆ ಬಿಳಿ ಬಟ್ಟೆ ಸುತ್ತಿಕೊಂಡು ನಿಂತಿದ್ದರು. ಕೈ ಮುಗಿದರು. ಆಕೆಯೂ ಕೈ ಮುಗಿದಳು. ಇಬ್ಬರಿಗೂ ಮುಂದೇನು ಮಾಡಬೇಕೋ ತೋಚಲಿಲ್ಲ.

ಗುರುಪಾದಯ್ಯನವರು ಗಂಗೆಯಲ್ಲಿ ಮುಳುಗುವಂತಿರಲಿಲ್ಲ. ಕೊರಳಲ್ಲಿ ಉಸಿರಿಗೆಂದು ಮಾಡಿದ ರಂಧ್ರಕ್ಕೆ ನೀರು ಹೋದರೆ ಜೀವಕ್ಕೇ ಅಪಾಯ. ಅವರು ಮೊಣಕಾಲು ಮಟ್ಟದ ನೀರಿನಲ್ಲಿ ನಿಂತು ಬೊಗಸೆಯಲ್ಲಿ ನೀರು ಎತ್ತಿ ಬಿಟ್ಟರು. ಅಣ್ಣನ ಪಾಲಿನ ಮುಳುಗನ್ನೂ ಭವಾನಿಯೇ ಹಾಕಿದಳು. ದೋಣಿಯೂ ಬೇಡವೆಂದಳು. ಹಾಗಾಗಿ ಮಧ್ಯಾಹ್ನ ಮೂವರೂ ಆಟೋ ಹಿಡಿದು ಸೇತುವೆ ದಾಟಿ ರಾಮನಗರಕ್ಕೆ ಹೋದರು.

ದಾರಿಯುದ್ದಕ್ಕೂ ತಾರಾದೇವಿಯೇ ಮಾತಾಡಿದಳು. ಅವರು ಮೊಬೈಲಿನಲ್ಲಿ ಒಂದೆರಡು ಸಾಲು ಬರೆದು ತೋರಿಸುತ್ತಿದ್ದರು. ಆಟೋ ಕುಲುಕಿ ಅಕ್ಷರ ತಪ್ಪಿದಾಗ ನಗುತ್ತಿದ್ದರು. ಆ ನಗುವಿಗೂ ಸದ್ದು ಇರಲಿಲ್ಲ. ಕೋಟೆ ನೋಡಿ ಬಂದು ಲಸ್ಸಿ ಅಂಗಡಿಯಲ್ಲಿ ಕೂತರು. ಭವಾನಿ ಎದುರಿನ ಅಂಗಡಿಯಲ್ಲಿ ಬಳೆ ನೋಡಲು ಹೋದಳು. ಆಕೆ ಹೋದ ಮೇಲೆ ತಾರಾದೇವಿಯ ಮಾತು ನಿಂತಿತು. ಉತ್ತರವಿಲ್ಲದ ಮಾತನ್ನು ಎಷ್ಟು ಹೊತ್ತು ಎಳೆಯುವುದು ಎಂದು ಆಕೆಗೆ ಸೋತಂತಾಗಿತ್ತು.

ಗುರುಪಾದಯ್ಯನವರು ಜೇಬಿನಿಂದ ಸಣ್ಣ ಟಾರ್ಚಿನಂಥದ್ದೊಂದನ್ನು ತೆಗೆದರು. ಅಂಗಡಿಯ ಜನರ ಕಡೆ ಒಮ್ಮೆ ನೋಡಿ, ಬಟ್ಟೆ ಸರಿಸಿ, ಅದನ್ನು ಗದ್ದದ ಕೆಳಗೆ ಒತ್ತಿ ಹಿಡಿದರು.

"ಇನ್ನೂ ಮಾತಾಡ್ರಿ."

ಏರಿಳಿತವೇ ಇಲ್ಲದ, ದುಂಬಿ ಗುಂಯ್‌ಗುಟ್ಟಿದಂಥ ಸದ್ದು. ಮಾತು ಕನ್ನಡ. ಪಕ್ಕದ ಮೇಜಿನವರು ತಿರುಗಿ ನೋಡಿದರು. ತಾರಾದೇವಿಯೂ ಬೆಚ್ಚಿದಳು, ಬೆಚ್ಚಿದ್ದನ್ನು ಅವರು ನೋಡಿಬಿಟ್ಟರು. ಕೊರಳ ಅದುರನ್ನು ಮಾತಾಗಿಸುವ ಆ ಯಂತ್ರವನ್ನು ಇಳಿಸಿ ಮತ್ತೆ ಜೇಬಿಗೆ ಹಾಕಲು ಹೊರಟರು. ಆಕೆ ಕೈ ಚಾಚಿ ಅವರ ಮಣಿಕಟ್ಟು ಹಿಡಿದಳು.

ಪರವಾಗಿಲ್ಲ, ಇದೂ ಚೆನ್ನಾಗಿದೆ ಎಂದು ಹೇಳಬಹುದಿತ್ತು. ಆಕೆಗೆ ಅಂಥ ಮಾತು ಹೇಳಲು ಮನಸ್ಸು ಬರಲಿಲ್ಲ.

"ಆ ದನಿ ನನಗ ಭಾಳ ನೆನಪಾಗತೈತ್ರಿ," ಎಂದಳು.

ಲಸ್ಸಿಯ ಕೆನೆಯ ಮೇಲೆ ನೊಣ ಕೂತಿತು, ಅವರು ಓಡಿಸಲಿಲ್ಲ. ಆಮೇಲೆ ಯಂತ್ರವನ್ನು ನಿಧಾನವಾಗಿ ಮತ್ತೆ ಕೊರಳಿಗೆ ಒತ್ತಿದರು.

"ನನಗೂ," ಎಂದರು.

ಭವಾನಿ ಹಸಿರು ಬಳೆಗಳ ಪೊಟ್ಟಣ ಹಿಡಿದು ಬಂದು, ಅಣ್ಣ ಜನರ ನಡುವೆ ಯಂತ್ರ ತೆಗೆದದ್ದು ಇದೇ ಮೊದಲು ಎಂದಳು. ಬಿಸಿಲು ಇಳಿಯುತ್ತಿತ್ತು. ತಾರಾದೇವಿ ರಸ್ತೆಗೆ ಬಂದು ಆಟೋ ಕೂಗಿದಳು, ಭೇಲೂಪುರ ಎಂದಳು. ಮಠಕ್ಕೆ ಅಲ್ಲವೇ ಎಂದು ಭವಾನಿ ಕೇಳಿದ್ದಕ್ಕೆ, ಇವತ್ತು ಊಟಕ್ಕೆ ನಮ್ಮ ಮನೆಗೆ ಎಂದಳು. ರೈಲು ಇದ್ದದ್ದು ಮರುದಿನ ಬೆಳಿಗ್ಗೆ.